ಫ್ರೆಡರಿಕ್ ಓಜನಾಮ್

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ರಾಜರ ಹೆಸರುಗಳನ್ನೂ ಕ್ರಾಂತಿಗಳ ಇಸವಿಗಳನ್ನೂ ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಅದೇ ಕಾಲದಲ್ಲಿ ಪ್ಯಾರಿಸ್ ನಗರದಲ್ಲಿ ನಮ್ಮ ವಯಸ್ಸಿನ ವಿದ್ಯಾರ್ಥಿಯೊಬ್ಬನು ಕೆಲವು ಸಹಪಾಠಿಗಳನ್ನು ಕೂಡಿಸಿಕೊಂಡು ಕಟ್ಟಿದ ಸಂಘವು ಇಂದು ಸುಮಾರು 150 ದೇಶಗಳಲ್ಲಿ ಬದುಕಿದೆ. ಅವನ ಹೆಸರು ನಮ್ಮ ಪಠ್ಯದಲ್ಲಿ ಇಲ್ಲದಿರುವುದರಿಂದ ಇಲ್ಲಿ ಅವನ ಜೀವನವನ್ನು ಹೇಳಲು ಹೊರಟಿದ್ದೇನೆ.

ಫ್ರೆಡರಿಕ್ ಓಜನಾಮನು ಹುಟ್ಟಿದ್ದು 1813ನೆಯ ಇಸವಿ ಏಪ್ರಿಲ್ 23ರಂದು, ಇಟಲಿಯ ಮಿಲಾನ್ ನಗರದಲ್ಲಿ. ಬೆಳೆದದ್ದು ಫ್ರಾನ್ಸಿನ ಲಿಯೋನ್ ನಗರದಲ್ಲಿ. ತಂದೆ ವೈದ್ಯರು; ಬಡ ರೋಗಿಗಳಿಂದ ಹಣ ಕೇಳುತ್ತಿರಲಿಲ್ಲ. ಹದಿನಾಲ್ಕು ಮಕ್ಕಳು ಹುಟ್ಟಿದ ಆ ಮನೆಯಲ್ಲಿ ದೊಡ್ಡವರಾಗುವವರೆಗೆ ಉಳಿದವರು ಮೂವರೇ. ಓದಿನಲ್ಲಿ ಮುಂದಾಗಿದ್ದ ಹುಡುಗನಿಗೆ ಹದಿನೈದು ಹದಿನಾರರ ಪ್ರಾಯದಲ್ಲಿ ದೇವರಿದ್ದಾನೆಯೇ ಎಂಬ ಸಂದೇಹ ಹುಟ್ಟಿ ನಿದ್ದೆಗೆಡಿಸಿತು. ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದ ನುವಾರೋ ಎಂಬ ಪಾದ್ರಿಗಳು ಅವನನ್ನು ಗದರಿಸದೆ, ಊರ ಹೊರಗಿನ ದಾರಿಗಳಲ್ಲಿ ಜತೆಗೆ ಕರೆದೊಯ್ದು ಮಾತನಾಡಿ ಆ ಕಷ್ಟದಿಂದ ದಾಟಿಸಿದರು.

1831ರ ನವೆಂಬರಿನಲ್ಲಿ ಅವನು ನ್ಯಾಯಶಾಸ್ತ್ರ ಓದಲು ಪ್ಯಾರಿಸ್ಸಿಗೆ ಬಂದನು. ಆಗ ಫ್ರಾನ್ಸಿನ ಕ್ಯಾಥೊಲಿಕ್ ಧರ್ಮಸಭೆಯ ಸ್ಥಿತಿ ಬಹಳ ಕೆಟ್ಟಿತ್ತು. 1789ರ ಮಹಾಕ್ರಾಂತಿಯು ಅದರ ಆಸ್ತಿಯನ್ನು ಕಿತ್ತುಕೊಂಡಿತ್ತು. 1815ರ ಬಳಿಕ ರಾಜರು ಮರಳಿ ಬಂದಾಗ ಧರ್ಮಸಭೆ ಸಿಂಹಾಸನದ ಆಸರೆಗೆ ನಿಂತಿತು. ಹೀಗಾಗಿ 1830ರಲ್ಲಿ ಹತ್ತನೆಯ ಚಾರ್ಲ್ಸ್ ದೊರೆಯನ್ನು ಓಡಿಸಿದ ಜನರ ಸಿಟ್ಟು ಪಾದ್ರಿಗಳ ಮೇಲೂ ತಿರುಗಿತು. 1831ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಆರ್ಚ್‌ಬಿಷಪ್ಪರ ಅರಮನೆಯನ್ನೇ ಗುಂಪು ಸೂರೆಮಾಡಿತು. ಮರುವರ್ಷ ಕಾಲರಾ ಬಂದು ಆ ನಗರದಲ್ಲಿ 18,000ಕ್ಕೂ ಹೆಚ್ಚು ಜನ ಸತ್ತರು.

ಓಜನಾಮನಿಗೆ ಮನೆಯಲ್ಲಿ ಜಾಗ ಕೊಟ್ಟವರು ವಿದ್ಯುತ್ತಿನ ಪಾಠದಲ್ಲಿ ನಾವೆಲ್ಲ ಹೆಸರು ಕೇಳಿರುವ ವಿಜ್ಞಾನಿ ಆಂಪೇರ್. ಅಂತಹ ಆಸರೆ ಇದ್ದರೂ ಸೋರ್ಬೋನ್ ವಿದ್ಯಾಪೀಠದಲ್ಲಿ ಅವನಂಥವರು ಅಲ್ಪಸಂಖ್ಯಾತರು. ಅಲ್ಲಿ ಪ್ರಾಧ್ಯಾಪಕ ಝೂಫ್ರಾಯರು ಧರ್ಮವನ್ನು ಟೀಕಿಸಿದಾಗ ಈ ಹುಡುಗರು ಲಿಖಿತವಾಗಿ ಉತ್ತರ ಕೊಟ್ಟರು. ಬಾಯಿ ಎಂಬ ಪತ್ರಿಕಾ ಸಂಪಾದಕರ ಆಶ್ರಯದಲ್ಲಿ ವಾರವಾರವೂ ಚರಿತ್ರೆಯ ಚರ್ಚಾಕೂಟ ನಡೆಸಿದರು. ಅಲ್ಲಿಗೆ ಬರುತ್ತಿದ್ದ ಎದುರು ಪಕ್ಷದ ವಿದ್ಯಾರ್ಥಿಯೊಬ್ಬನು ಒಂದು ದಿನ, ನಿಮ್ಮ ಧರ್ಮ ಹಿಂದೆ ಒಳ್ಳೆಯದನ್ನು ಮಾಡಿರಬಹುದು, ಈಗ ನೀವು ಮಾಡುತ್ತಿರುವುದೇನು ಎಂಬರ್ಥದಲ್ಲಿ ಹಂಗಿಸಿದನು. ಈ ಮಾತಿಗೆ ಚರ್ಚೆಯಲ್ಲಿ ಉತ್ತರವಿರಲಿಲ್ಲ.

1833ರ ಏಪ್ರಿಲ್ 23ರಂದು, ಓಜನಾಮನಿಗೆ ಇಪ್ಪತ್ತು ತುಂಬಿದ ದಿನ, ಆರು ವಿದ್ಯಾರ್ಥಿಗಳು ಬಾಯಿಯವರ ಅಧ್ಯಕ್ಷತೆಯಲ್ಲಿ ಸಭೆ ಸೇರಿದರು. ಆ ಏಳು ಜನರಲ್ಲಿ ಒಬ್ಬರೂ ಪಾದ್ರಿಯಾಗಿರಲಿಲ್ಲ. ಬಡವರ ಮನೆಗಳಿಗೆ ತಾವೇ ಹೋಗಬೇಕೆಂಬುದು ನಿರ್ಣಯ. ಆದರೆ ಯಾರ ಮನೆಗೆ, ಹೇಗೆ ಹೋಗಬೇಕೆಂದು ಈ ಓದುಗ ಹುಡುಗರಿಗೆ ಏನು ಗೊತ್ತು! ಮುಫ್ತಾರ್ ಬೀದಿಯ ಕೊಳಚೆ ಕೇರಿಯಲ್ಲಿ ವರ್ಷಗಟ್ಟಲೆ ದುಡಿದಿದ್ದ ರೊಸಾಲಿ ರಾಂದ್ಯು ಎಂಬ ಸಂನ್ಯಾಸಿನಿಯು ಕುಟುಂಬಗಳ ಪಟ್ಟಿಯನ್ನೂ ರೊಟ್ಟಿಯ ಚೀಟಿಗಳನ್ನೂ ಕೊಟ್ಟು ದಾರಿ ಕಲಿಸಿದಳು. ಸಭೆಯ ಕೊನೆಗೆ ಟೋಪಿಯೊಂದನ್ನು ತಿರುಗಿಸುತ್ತಿದ್ದರು; ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅವರು ಕೊಟ್ಟ ರೀತಿ. ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಉಂಡು ಓದುತ್ತಿರುವವನು ನಾನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ಒಮ್ಮೆ ದಾನಿಯೊಬ್ಬರು ನಮಗೆ ಕಂಬಳಿ ಹಂಚಿದಾಗ ಸಾಲಿನಲ್ಲಿ ನಿಲ್ಲಿಸಿ ಛಾಯಾಚಿತ್ರ ತೆಗೆಸಿದರು. ಕಂಬಳಿ ಬೆಚ್ಚಗಿತ್ತು, ಸುಳ್ಳು ಹೇಳಲಾರೆ. ಆದರೂ ಪಡೆಯುವವನ ಕಣ್ಣು ಕೊಡುವವನ ಮುಖವನ್ನು ಮರೆಯುವುದಿಲ್ಲ. ಓಜನಾಮನ ಗೆಳೆಯರು ಬಡವರನ್ನು ತಮ್ಮ ಬಾಗಿಲಿಗೆ ಕರೆಸಲಿಲ್ಲ. ಅವರ ಮನೆಯ ಮೆಟ್ಟಿಲು ಹತ್ತಿ ಹೋಗಿ ಕುಳಿತು, ಕಷ್ಟಸುಖ ಕೇಳಿ, ಮುಂದಿನ ವಾರ ಮತ್ತೆ ಹೋದರು.

ಅದೇ 1833ರಲ್ಲಿ ಓಜನಾಮನು ಗೆಳೆಯರೊಡನೆ ಆರ್ಚ್‌ಬಿಷಪ್ ದ ಕೆಲೆನ್ ಅವರಿಗೆ ಮನವಿ ಒಯ್ದನು. ಓದಿದ ತರುಣರ ಸಂದೇಹಗಳಿಗೆ ಉತ್ತರ ಕೊಡುವ ಉಪನ್ಯಾಸಗಳು ನೋತ್ರ್ ದಾಮ್ ಮಹಾದೇವಾಲಯದಲ್ಲಿ ನಡೆಯಬೇಕು ಎಂಬುದು ಅವರ ಬೇಡಿಕೆ. ಮರುವರ್ಷ ಇನ್ನೂ ಹೆಚ್ಚು ಸಹಿಗಳೊಡನೆ ಎರಡನೆಯ ಮನವಿ ಹೋಯಿತು. 1834ರಲ್ಲಿ ನಡೆದ ಉಪನ್ಯಾಸಗಳು ಸಪ್ಪೆಯಾದವು. 1835ರಲ್ಲಿ ಈ ಹುಡುಗರು ಬಯಸಿದ್ದ ಲಾಕೋರ್ದೇರ್ ಪಾದ್ರಿಗಳೇ ವೇದಿಕೆಗೆ ಬಂದರು, ಜನ ಕಿಕ್ಕಿರಿದರು. ಧರ್ಮಸಭೆಯ ನವೀಕರಣಕ್ಕೆ ಮೊದಲ ಮಾತು ಕೆಳಗಿನಿಂದ, ವಿದ್ಯಾರ್ಥಿಗಳಿಂದ ಬಂದದ್ದು ಸಣ್ಣ ಸಂಗತಿಯಲ್ಲ.

ಸಂಘ ಬೆಳೆಯಿತು. ಅದನ್ನು ಗುಂಪುಗಳಾಗಿ ಒಡೆಯಬೇಕೆಂಬ ಮಾತು ಬಂದಾಗ ಸ್ನೇಹ ಕೆಡುವುದೆಂದು ಕೆಲವರು ತೀವ್ರವಾಗಿ ವಿರೋಧಿಸಿದರು. ಒಡೆದದ್ದರಿಂದಲೇ ಅದು ಊರೂರಿಗೆ ಹಬ್ಬಿತು. ಸಂತ ವಿನ್ಸೆಂಟ್ ಡಿ ಪಾಲ್ ಅವರ ಹೆಸರು ಅದಕ್ಕೆ ಬಂತು. ಇತ್ತ ಓಜನಾಮನು ಡಾಂಟೆ ಕವಿಯ ಮೇಲೆ ಪ್ರಬಂಧ ಬರೆದು 1839ರಲ್ಲಿ ಡಾಕ್ಟರೇಟ್ ಪಡೆದನು. 1841ರಲ್ಲಿ ಅಮೇಲಿಯನ್ನು ಮದುವೆಯಾದನು. 1844ರಲ್ಲಿ ಸೋರ್ಬೋನಿನಲ್ಲಿಯೇ ವಿದೇಶೀ ಸಾಹಿತ್ಯದ ಪ್ರಾಧ್ಯಾಪಕನಾದನು.

ವರ್ಷಗಟ್ಟಲೆ ಬಡವರ ಮನೆ ಹೊಕ್ಕವನಿಗೆ ರೊಟ್ಟಿಯ ಚೀಟಿಯಿಂದ ಎಲ್ಲವೂ ಮುಗಿಯದೆಂದು ತಿಳಿದಿತ್ತು. ಕೂಲಿ ನ್ಯಾಯವಾಗಿರಬೇಕು, ಧರ್ಮಸಭೆ ರಾಜರ ಪಕ್ಷ ಬಿಟ್ಟು ದುಡಿಯುವವರ ಪಕ್ಷಕ್ಕೆ ಬರಬೇಕು ಎಂದು ಅವನು ವಾದಿಸಿದನು. 1848ರಲ್ಲಿ ಮತ್ತೆ ಕ್ರಾಂತಿಯಾದಾಗ ಲಾಕೋರ್ದೇರ್ ಮೊದಲಾದವರೊಡನೆ ಹೊಸ ಯುಗವೆಂಬ ಅರ್ಥದ ಹೆಸರಿನ ದಿನಪತ್ರಿಕೆ ಆರಂಭಿಸಿದನು. ಅನುಕೂಲಸ್ಥರಾದ ಕ್ಯಾಥೊಲಿಕರಿಗೇ ಅದು ಹಿಡಿಸಲಿಲ್ಲ. ಚುನಾವಣೆಗೆ ನಿಂತು ಸೋತನು; ಪತ್ರಿಕೆಯೂ ಹೆಚ್ಚು ದಿನ ನಡೆಯಲಿಲ್ಲ.

ಆ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನ ಕಾರ್ಮಿಕರಿಗೂ ಸೈನ್ಯಕ್ಕೂ ಬೀದಿ ಕಾಳಗ ನಡೆಯಿತು. ಓಜನಾಮನೂ ಇಬ್ಬರು ಗೆಳೆಯರೂ ಆರ್ಚ್‌ಬಿಷಪ್ ಆಫ್ರ್ ಅವರ ಬಳಿ ಹೋಗಿ, ನಡುವೆ ನಿಂತು ರಕ್ತಪಾತ ನಿಲ್ಲಿಸಬೇಕೆಂದು ಬೇಡಿಕೊಂಡರು. ಅವರು ಒಪ್ಪಿ ನಡೆದರು. ಜೂನ್ 25ರಂದು ಅಡ್ಡಗಟ್ಟೆಯ ಬಳಿ ಗುಂಡೇಟು ತಿಂದು ಎರಡು ದಿನದಲ್ಲಿ ತೀರಿಕೊಂಡರು. ಕಳುಹಿಸಿದವನ ಮನಸ್ಸು ಅಂದು ಹೇಗಿದ್ದಿತೆಂದು ಯೋಚಿಸಿದರೆ ಎದೆ ಭಾರವಾಗುತ್ತದೆ. ಮರುವರ್ಷ ಕಾಲರಾ ಮತ್ತೆ ಬಂದಾಗ ಸಂಘದವರು ರೋಗಿಗಳ ಮನೆಮನೆಗೆ ಹೋದರು.

ಓಜನಾಮನ ಆರೋಗ್ಯ ಮಾತ್ರ ಕುಗ್ಗುತ್ತ ಬಂದಿತ್ತು. ಇಟಲಿಯ ಹವೆಯೂ ಉಪಯೋಗಕ್ಕೆ ಬರಲಿಲ್ಲ. ಅಲ್ಲಿಂದ ಮರಳುವಾಗ ಮಾರ್ಸೆ ಬಂದರಿನಲ್ಲಿ 1853ರ ಸೆಪ್ಟೆಂಬರ್ 8ರಂದು, ನಲವತ್ತನೆಯ ವಯಸ್ಸಿನಲ್ಲಿ, ಪತ್ನಿಯನ್ನೂ ಎಂಟು ವರ್ಷದ ಮಗಳು ಮಾರಿಯನ್ನೂ ಬಿಟ್ಟು ತೀರಿಕೊಂಡನು. 1997ರ ಆಗಸ್ಟ್ 22ರಂದು ಎರಡನೆಯ ಜಾನ್ ಪಾಲ್ ಪೋಪರು, ತರುಣ ಓಜನಾಮನು ಉಪನ್ಯಾಸ ಬೇಡಿದ್ದ ಅದೇ ನೋತ್ರ್ ದಾಮ್ ದೇವಾಲಯದಲ್ಲಿ, ಅವನನ್ನು ಸಂತಪದವಿಗೆ ಹಿಂದಿನ ಮೆಟ್ಟಿಲಾದ ಧನ್ಯಪದವಿಗೆ ಏರಿಸಿದರು. ಮಂಗಳೂರು, ಬೆಂಗಳೂರುಗಳ ಚರ್ಚುಗಳಲ್ಲಿಯೂ ಆ ಸಂಘದ ಶಾಖೆಗಳಿವೆ. ಅದರ ಸದಸ್ಯರು ಈಗಲೂ ಬಡವರ ಮನೆಗಳಿಗೆ ತಾವೇ ಹೋಗುತ್ತಾರೆ.