ಬಾಗಿಲು ಹುಡುಕಿ ಹೊರಟ ಧರ್ಮಗುರು: ಸಂತ ಜೋಸೆಫ್ ವಾಜ್

ಬಾಳಿನಲ್ಲಿ ಮುಂದೆ ಬಂದವನನ್ನು ಕಂಡರೆ ಆತ ಅದೃಷ್ಟವಂತನೆನ್ನುವುದೂ, ತಾನು ಹಿಂದೆ ಉಳಿದರೆ ಎಲ್ಲವೂ ಹಣೆಬರಹವೆನ್ನುವುದೂ ನಮ್ಮ ಜನರಲ್ಲಿ ರೂಢಿಯಾಗಿದೆ. ಕ್ರೈಸ್ತ ವಿಶ್ವಾಸಿಗಳಾದ ನಾವು ಹಣೆಬರಹವನ್ನು ನಂಬುವವರಲ್ಲ, ದೇವರ ಪರಿಪಾಲನೆಯನ್ನು ನಂಬುವವರು. ಆದರೆ ಆ ಪರಿಪಾಲನೆಯ ಹೆಸರಿನಲ್ಲಿಯೇ ಕೈಕಟ್ಟಿ ಕುಳಿತುಕೊಳ್ಳುವ ಅಪಾಯವೂ ಉಂಟು. ಈ ವಿಷಯದಲ್ಲಿ ನಮಗೆ ದಾರಿ ತೋರಬಲ್ಲ ಮಹನೀಯರೊಬ್ಬರು ನಮ್ಮ ಕರಾವಳಿಯ ಮಣ್ಣನ್ನೇ ತುಳಿದು ಹೋಗಿದ್ದಾರೆ. ಶ್ರೀಲಂಕೆಯ ಪ್ರೇಷಿತರೆನಿಸಿದ ಸಂತ ಜೋಸೆಫ್ ವಾಜರೇ ಅವರು.

ಗೋವೆಯ ಸಾಲ್ಸೆಟ್ ಪ್ರಾಂತದ ಬೆನಾವಲಿಯಲ್ಲಿ 1651ರ ಏಪ್ರಿಲ್ 21ರಂದು ಅವರ ಜನನವಾಯಿತು. ತಂದೆ ಕ್ರಿಸ್ತೋವಾಂವ್ ವಾಜ್, ತಾಯಿ ಮರಿಯ ದೆ ಮಿರಾಂದ. ಗೋವೆಯಲ್ಲಿ ಯೇಸುಸಭೆಯವರ ಬಳಿಯೂ ದೊಮಿನಿಕನರ ಬಳಿಯೂ ವ್ಯಾಸಂಗ ಮಾಡಿ 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ, ಇಪ್ಪತ್ತಾರರ ಪ್ರಾಯದಲ್ಲಿ, ತಾನು ಮರಿಯ ಮಾತೆಯ ದಾಸನೆಂದು ಪತ್ರ ಬರೆದು ತಮ್ಮನ್ನು ಆಕೆಗೆ ಅರ್ಪಿಸಿಕೊಂಡರು.

ಆ ದಿನಗಳಲ್ಲಿ ಸಿಂಹಳ ದ್ವೀಪದಿಂದ ಶೋಕದ ಸುದ್ದಿ ಬರುತ್ತಿತ್ತು. 1658ರಲ್ಲಿ ಡಚ್ಚರು ಜಾಫ್ನಾವನ್ನು ವಶಪಡಿಸಿಕೊಂಡ ಮೇಲೆ ಕಥೋಲಿಕ ಗುರುಗಳು ಹೊರದೂಡಲ್ಪಟ್ಟಿದ್ದರು. ಗುರುಗಳಿಗೆ ಆಶ್ರಯ ಕೊಡುವುದೇ ಅಪರಾಧವಾಗಿತ್ತು. ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಅಲ್ಲಿಯ ವಿಶ್ವಾಸಿಗಳು ಬಾಳುತ್ತಿದ್ದರು. ಇದನ್ನು ಕೇಳಿದ ವಾಜರು ತಮ್ಮನ್ನು ಅಲ್ಲಿಗೆ ಕಳುಹಿಸಬೇಕೆಂದು ಮೇಲಧಿಕಾರಿಗಳಲ್ಲಿ ಬೇಡಿಕೊಂಡರು. ಅನುಮತಿ ದೊರೆಯಲಿಲ್ಲ. ಬದಲಾಗಿ 1681ರಲ್ಲಿ ಅವರನ್ನು ಕೆನರಾ ಪ್ರಾಂತಕ್ಕೆ ಕಳುಹಿಸಲಾಯಿತು.

ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಸಿಕ್ಕಿದ ಕೆಲಸವೋ ಮುಳ್ಳಿನ ಹಾಸಿಗೆ. ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯ ಆ ಕಾಲದಲ್ಲಿ ಇಲ್ಲಿಯ ಕ್ರೈಸ್ತಸಭೆ ಒಳಜಗಳದಿಂದ ಒಡೆದಿತ್ತು. ಪೋರ್ಚುಗೀಸ್ ಪದ್ರುವಾದೊ ಅಧಿಕಾರಕ್ಕೆ ಒಳಪಟ್ಟವರು ಒಂದು ಕಡೆ, ರೋಮಿನ ಪ್ರೊಪಗಾಂದದಿಂದ ನೇಮಕವಾದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರ ಪಕ್ಷದವರು ಇನ್ನೊಂದು ಕಡೆ. ವಾಜರು ಎರಡು ಪಕ್ಷಗಳ ನಡುವೆ ಶಾಂತಿಗಾಗಿ ದುಡಿದರು. ಮಂಗಳೂರು, ಬಸ್ರೂರು, ಗಂಗೊಳ್ಳಿಗಳ ಕಡೆಗಳಲ್ಲಿ ಕ್ರೈಸ್ತರನ್ನು ಒಗ್ಗೂಡಿಸಿದರು. ಇಗರ್ಜಿಗಳನ್ನೂ ಶಾಲೆಗಳನ್ನೂ ಎಬ್ಬಿಸಿದರು. ಮುಡಿಪುವಿನ ಬೆಟ್ಟದಲ್ಲಿ ಅವರ ನೆನಪು ಇಂದಿಗೂ ಜೀವಂತವಾಗಿದೆ. ಮನಸ್ಸು ಸಿಂಹಳದಲ್ಲಿದ್ದರೂ ಕೈಗಳು ಕೆನರಾದಲ್ಲಿ ಸೋಮಾರಿಯಾಗಿರಲಿಲ್ಲ. ಚದುರಿದ ಮಂದೆಯನ್ನು ಕೂಡಿಸುವ ವಿದ್ಯೆಯನ್ನು ಅವರು ಕಲಿತದ್ದು ಇಲ್ಲಿಯೇ.

1684ರಲ್ಲಿ ಗೋವೆಗೆ ಹಿಂದಿರುಗಿದಾಗ ಅಲ್ಲಿ ಕೆಲವು ಸ್ಥಳೀಯ ಗುರುಗಳು ಸಮುದಾಯವಾಗಿ ಬಾಳುವ ಪ್ರಯತ್ನದಲ್ಲಿದ್ದರು. 1685ರಲ್ಲಿ ವಾಜರು ಅವರನ್ನು ಸೇರಿ, ಅವರ ಶ್ರೇಷ್ಠರಾಗಿ ಆಯ್ಕೆಗೊಂಡು, ಸಂತ ಫಿಲಿಪ್ ನೇರಿಯವರ ಒರೆಟರಿಯ ಮಾದರಿಯಲ್ಲಿ ಸಮುದಾಯಕ್ಕೆ ರೂಪ ಕೊಟ್ಟರು. ಮುಂದೆ ಸಿಂಹಳಕ್ಕೆ ಗುರುಗಳನ್ನು ಒದಗಿಸಿದ್ದು ಈ ಸಮುದಾಯವೇ. ಆದರೆ ಶ್ರೇಷ್ಠ ಪದವಿ ಅವರನ್ನು ಹಿಡಿದು ನಿಲ್ಲಿಸಲಿಲ್ಲ. 1686ರಲ್ಲಿ ಅದನ್ನು ಬಿಟ್ಟು, ಜಾನ್ ಎಂಬ ಸೇವಕನನ್ನು ಜೊತೆಗೂಡಿಸಿಕೊಂಡು, ತೆಂಕಣ ದಾರಿ ಹಿಡಿದರು. ಗುರುವಸ್ತ್ರವನ್ನು ಕಳಚಿಟ್ಟು ಕೂಲಿಯವನ ವೇಷ ತೊಟ್ಟು ತೂತುಕುಡಿಯನ್ನು ಮುಟ್ಟುವ ವೇಳೆಗೆ ಸುಮಾರು ಒಂದು ವರ್ಷ ಕಳೆದಿತ್ತು. ಅಲ್ಲಿಂದ ಹಡಗೇರಿ, ಬಿರುಗಾಳಿಗೆ ಸಿಕ್ಕಿ, 1687ರಲ್ಲಿ ಜಾಫ್ನಾ ಸೇರಿದರು. ಸೇರಿದಾಗ ದೇಹ ಆಮಶಂಕೆಯಿಂದ ಜರ್ಜರಿತವಾಗಿತ್ತು. ಭಕ್ತೆಯೊಬ್ಬಳು ತಂದುಕೊಟ್ಟ ಗಂಜಿಯಿಂದ ಅವರು ಜೀವ ಉಳಿಸಿಕೊಂಡರೆಂದು ಅವರ ಚರಿತ್ರಕಾರರು ಹೇಳುತ್ತಾರೆ.

ಈಗ ಕಥೋಲಿಕರನ್ನು ಹುಡುಕುವುದಾದರೂ ಹೇಗೆ? ಪ್ರಾಣಭಯದಿಂದ ಅವರೆಲ್ಲ ಮರೆಯಾಗಿದ್ದರು. ಬಾಯಿಬಿಟ್ಟು ಕೇಳಿದರೆ ಸುದ್ದಿ ಡಚ್ಚರಿಗೆ ಮುಟ್ಟುವ ಭಯ. ವಾಜರು ಕೊರಳಿಗೆ ಜಪಮಾಲೆ ಧರಿಸಿ, ಭಿಕ್ಷುಕನಂತೆ ಮನೆಯಿಂದ ಮನೆಗೆ ಹೋದರು. ಜಪಮಾಲೆಯನ್ನು ಕಂಡು ಯಾರ ಮುಖದಲ್ಲಿ ಭಾವ ಬದಲಾಗುವುದೋ ಎಂದು ಗಮನಿಸುತ್ತಿದ್ದರು. ಕೊನೆಗೆ ಒಂದು ಮನೆಯವರು ಗುರುತಿಸಿದರು. ಸುಮಾರು ಮೂವತ್ತು ವರ್ಷಗಳ ಅನಾಥಸ್ಥಿತಿ ಆ ಕ್ಷಣದಲ್ಲಿ ಮುಗಿಯತೊಡಗಿತು. ಇದನ್ನು ಅದೃಷ್ಟವೆನ್ನಬಹುದು. ಆದರೆ ಆ ಅದೃಷ್ಟದ ಹಿಂದೆ ಎಷ್ಟು ಮನೆಗಳ ಮುಚ್ಚಿದ ಬಾಗಿಲುಗಳಿದ್ದವೆಂಬುದನ್ನು ಬಲ್ಲವರು ದೇವರೊಬ್ಬರೇ.

ಸಿಲ್ಲಾಲೆ ಎಂಬ ಹಳ್ಳಿಯಲ್ಲಿ ಅಡಗಿದ್ದು ರಾತ್ರಿಯ ವೇಳೆ ಸಂಸ್ಕಾರಗಳನ್ನು ನೀಡುತ್ತಿದ್ದ ವಾಜರು, ಡಚ್ಚರ ಹುಡುಕಾಟ ಬಿಗಿಯಾದಾಗ, 1690ರಲ್ಲಿ ಪುತ್ತಲಂಗೆ ತೆರಳಿದರು. 1692ರಲ್ಲಿ ಕ್ಯಾಂಡಿಗೆ ಕಾಲಿಟ್ಟರು. ಪೋರ್ಚುಗೀಸರ ಗೂಢಚಾರನೆಂಬ ಆರೋಪ ಕಾದಿತ್ತು, ಸೆರೆಮನೆಯೂ ಕಾದಿತ್ತು. ಅವರು ಸೆರೆಯಲ್ಲಿಯೇ ಸಿಂಹಳ ಭಾಷೆಯನ್ನು ಕಲಿತರು. ಕಾವಲು ಸಡಿಲವಾದಾಗ ಅಲ್ಲಿಯೇ ಹುಲ್ಲಿನ ಗುಡಿಸಲೊಂದನ್ನು ಪ್ರಾರ್ಥನಾಲಯವಾಗಿಸಿದರು. ಮುಂದೆ ಘೋರ ಬರಗಾಲ ಬಂದಾಗ, ಬಯಲಿನಲ್ಲಿ ಶಿಲುಬೆ ನಿಲ್ಲಿಸಿ ಅವರು ಪ್ರಾರ್ಥಿಸಲು ಮಳೆ ಸುರಿಯಿತೆಂದು ಸಂಪ್ರದಾಯ ಸಾರುತ್ತದೆ. ಎರಡನೆಯ ವಿಮಲಧರ್ಮಸೂರ್ಯ ಮಹಾರಾಜನು ಅವರಿಗೆ ತನ್ನ ರಾಜ್ಯದಲ್ಲಿ ಬೋಧಿಸುವ ಸ್ವಾತಂತ್ರ್ಯ ಕೊಟ್ಟನು. ಮಳೆ ದೇವರ ಕೊಡುಗೆ. ಆದರೆ ಮಳೆ ಬಿದ್ದ ಮರುದಿನ ಜನರೊಡನೆ ಅವರ ನುಡಿಯಲ್ಲಿ ಮಾತನಾಡಬಲ್ಲ ಗುರು ಅಲ್ಲಿ ಸಿದ್ಧರಾಗಿದ್ದರು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ರೋಗಿಗಳನ್ನು ಕಾಡಿಗೆ ಅಟ್ಟಲಾಗುತ್ತಿತ್ತು. ಅರಸನೂ ನಗರವನ್ನು ಬಿಟ್ಟನು. ವಾಜರೂ ಅವರ ಬಂಧುವಾದ ವಂದನೀಯ ಜೋಸೆಫ್ ಕರ್ವಾಲ್ಯೊ ಅವರೂ ರೋಗಿಗಳಿಗೆ ಗುಡಿಸಲು ಕಟ್ಟಿ, ಅನ್ನವುಣಿಸಿ, ಸತ್ತವರನ್ನು ಮಣ್ಣು ಮಾಡಿದರು. ಇವರು ಯಾವ ಮತದವರೆಂದು ಕೇಳಲಿಲ್ಲ. ಸಹಾಯಕ್ಕೆ ಗೋವೆಯಿಂದ ಇನ್ನಷ್ಟು ಗುರುಗಳು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಅನೇಕ ಧಾರ್ಮಿಕ ಗ್ರಂಥಗಳನ್ನು ರಚಿಸಿದರು.

1711ರ ಜನವರಿ 16ರಂದು ವಾಜರು ಕ್ಯಾಂಡಿಯಲ್ಲಿ ದೈವಾಧೀನರಾದರು. ಹುಟ್ಟಿದ ನಾಡನ್ನು ಮತ್ತೆ ಕಾಣಲಿಲ್ಲ. ತಮ್ಮ ಜನರು ಡಚ್ಚರ ನಾಡಿನಲ್ಲಿ ಬಹಿರಂಗವಾಗಿ ಪ್ರಾರ್ಥಿಸುವುದನ್ನೂ ಕಾಣಲಿಲ್ಲ. ಕಥೋಲಿಕರ ಮೇಲಿದ್ದ ನಿರ್ಬಂಧಗಳನ್ನು ಬ್ರಿಟಿಷರು ತೆಗೆದುಹಾಕಿದ್ದು 1806ರಲ್ಲಿ. ಬಿತ್ತಿದವರೇ ಕೊಯ್ಯುವರೆಂಬ ನಿಯಮವಿಲ್ಲ. 1995ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ಪ್ರಿಯ ಭಕ್ತಾದಿಗಳೇ, ನಮ್ಮ ಯುವಕರು ಒಂದು ಅರ್ಜಿ ತಿರಸ್ಕೃತವಾದೊಡನೆ ಎದೆಗುಂದುತ್ತಾರೆ. ಬಯಸಿದ ಕೆಲಸ ಸಿಗದಿದ್ದರೆ ಸಿಕ್ಕಿದ ಕೆಲಸವನ್ನು ಅರೆಮನಸ್ಸಿನಿಂದ ಮಾಡುತ್ತಾರೆ. ಅವರಿಗೆ ನಾವು ಹೇಳಿಕೊಡಬೇಕಾದದ್ದು ಈ ಸಂತರ ಬಾಳನ್ನು. ಬಯಸಿದ್ದು ಕೈಗೂಡುವ ತನಕ ಕೈಯಲ್ಲಿರುವ ಕೆಲಸವನ್ನು ನಿಷ್ಠೆಯಿಂದ ಮಾಡಲಿ. ಕಟ್ಟಿಹಾಕಿದ ಕಡೆಯಲ್ಲಿಯೂ ಒಂದು ವಿದ್ಯೆಯನ್ನು ಕಲಿಯಲಿ. ಒಂದು ಮನೆಯಲ್ಲಿ ಇಲ್ಲವೆಂದರೆ ಮುಂದಿನ ಮನೆಗೆ ನಡೆಯಲಿ. ನೂರು ವರ್ಷಗಳ ಹಿಂದೆ ಈ ಧರ್ಮಕೇಂದ್ರವನ್ನು ಕಟ್ಟಿದ ನಮ್ಮ ಹಿರಿಯರೂ ಅನುಕೂಲ ಕಾಲಕ್ಕಾಗಿ ಕಾದು ಕುಳಿತಿದ್ದರೆ ಇಂದು ನಮಗೆ ಈ ಮಹೋತ್ಸವವಿರುತ್ತಿರಲಿಲ್ಲ. ಸಂತ ಜೋಸೆಫ್ ವಾಜರ ಬಿನ್ನಹವು ನಮ್ಮೆಲ್ಲರಿಗೂ ಬಲವಾಗಲಿ.