ಬೇರಿನ ತುದಿಯನ್ನು ನಂಬಿದ ಡಾರ್ವಿನ್

ಚಾರ್ಲ್ಸ್ ಡಾರ್ವಿನ್ನನ ಹೆಸರೆತ್ತಿದೊಡನೆ ನಮ್ಮಲ್ಲಿ ಬಹುಮಂದಿಗೆ ಕೋತಿ ಮತ್ತು ಮಾನವನ ವಾದವೊಂದೇ ನೆನಪಾಗುವುದು. ಅದೇ ಮಹಾಶಯನು ಎಪ್ಪತ್ತರ ಇಳಿವಯಸ್ಸಿನಲ್ಲಿ ಮೊಳೆತ ಕಾಳುಗಳ ಬೇರಿನ ಮುಂದೆ ದಿನಗಟ್ಟಲೆ ಕುಳಿತಿದ್ದನೆಂಬುದನ್ನು ಬಲ್ಲವರು ವಿರಳ.

ಆತನು ಜನಿಸಿದುದು 1809ನೆಯ ಇಸವಿ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ತಂದೆ ವೈದ್ಯ. ಮಗನೂ ವೈದ್ಯನಾಗಲೆಂದು ಎಡಿನ್‌ಬರೋಕ್ಕೆ ಕಳುಹಿಸಿದರೆ, ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಹುಡುಗನು ಹಿಂದಿರುಗಿದನು. ಪಾದ್ರಿಯಾಗಲೆಂದು ಕೇಂಬ್ರಿಜ್ಜಿಗೆ ಕಳುಹಿಸಿದರೆ ಅಲ್ಲಿ ಜೀರುಂಡೆಗಳನ್ನು ಸಂಗ್ರಹಿಸತೊಡಗಿದನು. 1831ರಿಂದ 1836ರವರೆಗೆ ‘ಬೀಗಲ್’ ಹಡಗಿನಲ್ಲಿ ಭೂಪ್ರದಕ್ಷಿಣೆ, 1839ರಲ್ಲಿ ಎಮ್ಮಾಳೊಡನೆ ವಿವಾಹ, 1842ರಲ್ಲಿ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ ವಾಸ, 1859ರಲ್ಲಿ ಲೋಕವನ್ನೇ ಕಲಕಿದ ಗ್ರಂಥ. ಇವೆಲ್ಲ ವಾಚಕರಿಗೆ ತಿಳಿದುದೇ. ನಾವು ಹೇಳಹೊರಟಿರುವುದು ಅನಂತರದ ಕಥೆ.

1876ರಲ್ಲಿ ಆ ಮನೆಗೆ ದೊಡ್ಡದೊಂದು ದುಃಖವೊದಗಿತು. ಮಗ ಫ್ರಾನ್ಸಿಸ್ಸನ ಹೆಂಡತಿಯು ಗಂಡುಮಗುವನ್ನು ಹೆತ್ತು ತೀರಿಕೊಂಡಳು. ಇಪ್ಪತ್ತೆಂಟರ ವಯಸ್ಸಿನ ಫ್ರಾನ್ಸಿಸ್ಸನು ಹಸುಗೂಸನ್ನೆತ್ತಿಕೊಂಡು ತಂದೆಯ ಮನೆಯಲ್ಲೇ ನೆಲಸಿದನು. ಅಜ್ಜಿಯು ಮಗುವನ್ನು ನೋಡಿಕೊಂಡಳು. ತಂದೆಮಕ್ಕಳು ಗಿಡಗಳನ್ನು ನೋಡಿಕೊಂಡರು. ದುಃಖವನ್ನು ಮರೆಯಲು ಮನುಷ್ಯನಿಗೆ ಕೈತುಂಬ ಕೆಲಸವಿರಬೇಕಷ್ಟೆ.

ಹೆಸರುಕಾಳನ್ನು ನೆನೆಯಿಟ್ಟು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದನ್ನು ಹೋಟೆಲಿನ ಅಡಿಗೆಮನೆಯಲ್ಲಿ ದುಡಿಯುವ ನಮ್ಮ ವಾಚಕರು ಕಂಡೇ ಇರುವರು. ಅಂಥ ಕಾಳನ್ನು ಹೇಗೆ ಮಗುಚಿ ಮಣ್ಣಿನಲ್ಲಿಟ್ಟರೂ ಬೇರು ಕೆಳಮುಖವಾಗಿಯೇ ಬಾಗುವುದು. ಬಾಗುವ ಸ್ಥಳ ತುದಿಯಲ್ಲ, ತುದಿಗಿಂತ ತುಸು ಹಿಂದೆ. ಹಾಗಾದರೆ ಕೆಳಗಿನ ದಿಕ್ಕು ಯಾವುದೆಂದು ಬೇರಿನ ಯಾವ ಭಾಗಕ್ಕೆ ತಿಳಿಯುತ್ತದೆ? ಡಾರ್ವಿನ್ನನು ತನಗಿಂತ ಮೊದಲೇ ಚೀಸಿಯೆಲ್‌ಸ್ಕಿ ಎಂಬ ವಿದ್ವಾಂಸನು ಮಾಡಿದ್ದ ಪ್ರಯೋಗವನ್ನು ಮತ್ತೆ ಮಾಡಿ ನೋಡಿದನು. ಬೇರಿನ ತುದಿಯನ್ನು ಒಂದೆರಡು ಮಿಲಿಮೀಟರಿನಷ್ಟು ಕತ್ತರಿಸಿ ಅಡ್ಡಲಾಗಿಟ್ಟರೆ ಬೇರು ಬೆಳೆಯುವುದು, ಆದರೆ ಬಾಗದು. ಹೊಸ ತುದಿ ಮೂಡಿದ ಮೇಲೆ ಮತ್ತೆ ಬಾಗುವುದು. ಮೊದಲು ಕೆಲಹೊತ್ತು ಅಡ್ಡಲಾಗಿಟ್ಟು ಆಮೇಲೆ ತುದಿಯನ್ನು ತೆಗೆದರೂ ಬಾಗುವುದುಂಟು. ಅಂದರೆ ತುದಿಯಿಂದ ಹಿಂಭಾಗಕ್ಕೆ ಯಾವುದೋ ಸಂದೇಶ ಅದಾಗಲೇ ಹೊರಟುಹೋಗಿದೆ! ಹುಲ್ಲಿನ ಮೊಳಕೆಯ ತುದಿಗೆ ಬೆಳಕು ಹಾಯದ ಪುಟ್ಟ ಟೊಪ್ಪಿಗೆಯಿಟ್ಟಾಗಲೂ ಇದೇ ಬಗೆ: ಮೊಳಕೆ ಬೆಳಕಿನತ್ತ ಬಾಗಲಿಲ್ಲ.

ಈ ವಿಷಯಗಳನ್ನೆಲ್ಲ ಬರೆದು 1880ರಲ್ಲಿ ಸಸ್ಯಗಳ ಚಲನಶಕ್ತಿಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಮುಖಪುಟದಲ್ಲಿ ಮಗನ ಹೆಸರೂ ಸಹಾಯಕನೆಂದು ಸೇರಿತು. ಬೇರಿನ ತುದಿಯು ಕೀಳು ಪ್ರಾಣಿಗಳ ಮಿದುಳಿನಂತೆ ವರ್ತಿಸುವುದೆಂಬ ಹೋಲಿಕೆಯಿಂದ ಗ್ರಂಥವು ಮುಗಿಯುತ್ತದೆ.

ಜರ್ಮನಿಯ ವ್ಯೂರ್ಟ್ಸ್‌ಬರ್ಗಿನ ಯೂಲಿಯುಸ್ ಸಾಕ್ಸನು ಅಂದಿನ ಸಸ್ಯಶಾಸ್ತ್ರದ ಸಾರ್ವಭೌಮ. ಫ್ರಾನ್ಸಿಸ್ಸನು ಆತನ ಪ್ರಯೋಗಶಾಲೆಯಲ್ಲಿಯೇ ಕಲಿತುಬಂದವನು. ಬೆಳೆಯುವ ಭಾಗದ ಮೇಲೆಯೇ ಭೂಮಿಯ ಸೆಳೆತವು ನೇರವಾಗಿ ನಡೆಯುವುದೆಂಬುದು ಸಾಕ್ಸನ ಮತ. ಅವನ ಸಹಾಯಕನು ಮಾಡಿನೋಡಿದಾಗ ಡಾರ್ವಿನ್ನನ ಫಲ ಸಿಗಲಿಲ್ಲ. ಹಳ್ಳಿಮನೆಯ ಹವ್ಯಾಸಿಯ ಕೆಲಸವೆಂದು ಸಾಕ್ಸನು ಅದನ್ನು ತಳ್ಳಿಹಾಕಿದನು. ತಂದೆಯ ಮೇಲಿನ ಆ ತೀರ್ಪು ತನ್ನ ಗುರುವಿನಿಂದಲೇ ಬಂದುದು ಫ್ರಾನ್ಸಿಸ್ಸನಿಗೆ ಎಷ್ಟು ನೊಂದಿರಬೇಕು! ನ್ಯಾಯವಾಗಿ ಹೇಳುವುದಾದರೆ, ಡಾರ್ವಿನ್ನನೂ ಒಂದೆಡೆ ಎಡವಿದ್ದನು. ತುದಿಯ ಒಂದು ಮಗ್ಗುಲಿಗೆ ಕಾಗದದ ಚೂರನ್ನು ಅಂಟಿಸಿದಾಗ ಬೇರು ದೂರಸರಿದುದನ್ನು ಆತನು ಸ್ಪರ್ಶಜ್ಞಾನವೆಂದು ತಿಳಿದನು. ಅದು ಬಹುಮಟ್ಟಿಗೆ ಗಾಯದ ಪರಿಣಾಮವೆಂದು ಆಮೇಲೆ ತಿಳಿಯಿತು. ತುದಿಯಿಂದ ಸಂದೇಶ ಹೊರಡುವುದೆಂಬ ಮುಖ್ಯ ಮಾತು ಮಾತ್ರ ನಿಂತಿತು.

1882ನೆಯ ಏಪ್ರಿಲ್ 19ರಂದು ಡಾರ್ವಿನ್ನನು ಮೃತನಾದನು. ವೆಸ್ಟ್‌ಮಿನ್‌ಸ್ಟರ್ ಆಬೆಯಲ್ಲಿ ಸಮಾಧಿಯಾಯಿತು. ಬೇರಿನ ವ್ಯಾಜ್ಯವು ಇತ್ಯರ್ಥವಾಗದೆ ಉಳಿಯಿತು.

ಆ ಸಂದೇಶವು ಒಂದು ರಸವಸ್ತುವೆಂದು ತೋರಿಸಿದವನು ಹಾಲೆಂಡಿನ ಉಟ್ರೆಕ್ಟಿನ ತರುಣ ಫ್ರಿಟ್ಸ್ ವೆಂಟ್. ಅವನೂ ಸಸ್ಯಶಾಸ್ತ್ರಜ್ಞನ ಮಗನೇ. ಓಟ್ಸ್ ಮೊಳಕೆಯ ತುದಿಗಳನ್ನು ಕತ್ತರಿಸಿ ಅಗರ್ ತುಣುಕಿನ ಮೇಲಿಟ್ಟು, ಆ ತುಣುಕನ್ನು ತುದಿಯಿಲ್ಲದ ಮೊಳಕೆಯ ಒಂದು ಮಗ್ಗುಲಿಗಿಟ್ಟನು. ಮೊಳಕೆ ಬಾಗಿತು! ಆ ಹಾರ್ಮೋನಿಗೆ ಆಕ್ಸಿನ್ ಎಂದು ಹೆಸರಾಯಿತು. ಬೇರನ್ನು ಅಡ್ಡಲಾಗಿಟ್ಟರೆ ತುದಿಯ ಕಣಗಳೊಳಗಿನ ಪಿಷ್ಟದ ಹರಳುಗಳು ಕೆಳಮಗ್ಗುಲಿಗೆ ಕುಳಿತುಕೊಳ್ಳುತ್ತವೆ. ಆಕ್ಸಿನ್ನೂ ಆ ಮಗ್ಗುಲಿಗೇ ಹೆಚ್ಚಾಗಿ ಹರಿಯುವುದು. ಕಾಂಡವನ್ನು ಉದ್ದಮಾಡುವ ಪ್ರಮಾಣದ ಆಕ್ಸಿನ್ ಬೇರನ್ನು ತಡೆಯುವುದೊಂದು ವಿಚಿತ್ರ. ಆದುದರಿಂದ ಕೆಳಮಗ್ಗುಲು ನಿಧಾನಿಸಿ, ಮೇಲ್ಮಗ್ಗುಲು ಉದ್ದವಾಗಿ, ಬೇರು ಕೆಳಕ್ಕೆ ಬಾಗುವುದು.

ಆಕ್ಸಿನ್ ಒಂಟಿಯಾಗಿ ಕೆಲಸಮಾಡುವುದಿಲ್ಲ. ತುದಿಯ ಕಣಗಳು ಒಡೆದೊಡೆದು ಹೆಚ್ಚುವಂತೆ ಅದು ನೋಡಿಕೊಂಡರೆ, ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನು ಅವು ಒಡೆಯುವುದನ್ನು ಬಿಟ್ಟು ಬಲಿಯುವಂತೆ ಮಾಡುವುದು. ಬಾಳೆಹಣ್ಣನ್ನು ಮಾಗಿಸುವ ಎಥಿಲೀನ್ ಅನಿಲವು ಬೇರಿನ ತುದಿಯಲ್ಲಿ ಆಕ್ಸಿನ್ನನ್ನು ಹೆಚ್ಚಿಸಿ ಬೇರನ್ನು ಗಿಡ್ಡವಾಗಿಸುವುದು. ಉದ್ದವಾಗಲು ಜಿಬ್ಬರೆಲಿನ್ ಬೇಕು. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎಂಬಿಬ್ಬರು ಹೊಗೆಸೊಪ್ಪಿನ ಗಿಡದ ತುಣುಕಿಗೆ ಆಕ್ಸಿನ್ನನ್ನು ಹೆಚ್ಚಾಗಿ ಕೊಟ್ಟಾಗ ಬೇರು, ಸೈಟೋಕೈನಿನ್ನಿನ ಜಾತಿಯದನ್ನು ಹೆಚ್ಚಾಗಿ ಕೊಟ್ಟಾಗ ಚಿಗುರು ಮೂಡಿತು. ಸಾರಿನಲ್ಲಿ ಹುಳಿ, ಉಪ್ಪು, ಬೆಲ್ಲಗಳ ಹದವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾಕ್ಸನು 1897ರಲ್ಲಿಯೇ ತೀರಿಕೊಂಡಿದ್ದನು. ಫ್ರಾನ್ಸಿಸ್ಸನು ಕೇಂಬ್ರಿಜ್ಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುತ್ತ, ತಂದೆಯ ಪತ್ರಗಳನ್ನು ಸಂಪಾದಿಸುತ್ತ ಬಹುಕಾಲ ಬಾಳಿ, 1925ನೆಯ ಸೆಪ್ಟೆಂಬರಿನಲ್ಲಿ ಕಣ್ಮುಚ್ಚಿದನು. ಉಟ್ರೆಕ್ಟಿನಲ್ಲಿ ವೆಂಟನ ಮೊಳಕೆ ಬಾಗಿದುದು ಮರುವರ್ಷದ ಏಪ್ರಿಲ್ ತಿಂಗಳ ಒಂದು ರಾತ್ರಿ.