ಬಚ್ಚಲ ಒಲೆಯ ಹಿಂದಿದ್ದ ಮೇಷ್ಟ್ರು

ನಮ್ಮ ಭೈರುಂಬೆ ಕಡೆ ಹಳೆಯ ಮನೆಗಳ ಬಚ್ಚಲಲ್ಲಿ ಇಂದಿಗೂ ಅಸ್ತ್ರ ಒಲೆ ಎಂಬ ಹೆಸರು ಕೇಳಿಬರುತ್ತದೆ. ಹೈಸ್ಕೂಲು ಮುಗಿಯುವವರೆಗೂ ನಾನು ಅದನ್ನು ಯುದ್ಧದ ಅಸ್ತ್ರವೆಂದೇ ತಿಳಿದಿದ್ದೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವನಿಗೆ ಬ್ರಹ್ಮಾಸ್ತ್ರ, ಆಗ್ನೇಯಾಸ್ತ್ರಗಳ ಸಾಲಿನಲ್ಲಿ ಹೊಗೆಯನ್ನು ಓಡಿಸುವ ಇನ್ನೊಂದು ಅಸ್ತ್ರ ಇದ್ದರೆ ಆಶ್ಚರ್ಯವೇನೂ ಆಗಲಿಲ್ಲ. ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಗ ಗೊತ್ತಾಯಿತು, ಅದು ಒಂದು ಸಂಸ್ಥೆಯ ಹೆಸರಿನ ಮೊದಲ ಅಕ್ಷರಗಳು ಸೇರಿ ಆದ ಪದ. ಅಪ್ಲಿಕೇಶನ್ ಆಫ್ ಸೈನ್ಸ್ ಅಂಡ್ ಟೆಕ್ನಾಲಜಿ ಟು ರೂರಲ್ ಏರಿಯಾಸ್. ಅಂದರೆ ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗೆ ಹೊಂದಿಸುವ ಕೆಲಸ. ಆ ಸಂಸ್ಥೆ ಹುಟ್ಟಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1974ರಲ್ಲಿ. ಹುಟ್ಟಿಸಿದವರು ಅಮೂಲ್ಯ ಕುಮಾರ್ ನಾರಾಯಣ ರೆಡ್ಡಿ, ಎಲ್ಲರೂ ಕರೆಯುವಂತೆ ಎ.ಕೆ.ಎನ್. ರೆಡ್ಡಿ.

ಅವರು 1930ರ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಓದಿದ್ದು ರಸಾಯನ ವಿಜ್ಞಾನ. ಲಂಡನ್ನಿನಲ್ಲಿ ಪಿಎಚ್.ಡಿ. ಮಾಡಿ, ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆಯಲ್ಲಿ ಕೆಲಕಾಲ ದುಡಿದು, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಬೋಕ್ರಿಸ್ ಎಂಬ ಹೆಸರಾಂತ ಪ್ರೊಫೆಸರ್ ಜೊತೆ ಸೇರಿ ಬರೆದ ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ ಎಂಬ ಎರಡು ಸಂಪುಟಗಳ ಪುಸ್ತಕ 1970ರಲ್ಲಿ ಹೊರಬಂತು. ಆ ವಿಷಯ ಓದುವವರು ಈಗಲೂ ಅದನ್ನು ತೆರೆಯದೆ ಮುಂದೆ ಹೋಗುವುದಿಲ್ಲ. 1966ರಲ್ಲೇ ಅವರು ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆ ಸೇರಿದ್ದರು. ಕೈಯಲ್ಲಿ ಹೆಸರಿತ್ತು, ಪ್ರಯೋಗಾಲಯವಿತ್ತು, ವಿದೇಶದ ಪತ್ರಿಕೆಗಳಲ್ಲಿ ಲೇಖನಗಳು ಬರುತ್ತಿದ್ದವು. ನಮ್ಮಲ್ಲಿ ಹೆಚ್ಚಿನವರು ಇಲ್ಲಿಗೆ ಬಂದು ಮುಟ್ಟಿದರೆ ಸಾಕು ಎಂದು ನಿವೃತ್ತಿಯವರೆಗೆ ಕೂತುಬಿಡುತ್ತಾರೆ.

ರೆಡ್ಡಿಯವರಿಗೆ ಅಲ್ಲೇ ಕಿರಿಕಿರಿ ಶುರುವಾಯಿತು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಕೂತು ಉತ್ತರ ಹುಡುಕುತ್ತಿದ್ದ ಪ್ರಶ್ನೆಗಳೆಲ್ಲ ಬೇರೆ ದೇಶಗಳ ಪ್ರಶ್ನೆಗಳು. ಊರಾಚೆಯ ಹಳ್ಳಿಯ ಒಲೆ, ಬಾವಿ, ಗೋಡೆ, ಗಾಡಿ ಇವು ಯಾವ ವಿಜ್ಞಾನಿಯ ಟೇಬಲ್ಲಿನ ಮೇಲೂ ಇರಲಿಲ್ಲ. 1973ರಲ್ಲಿ ತೈಲದ ಬೆಲೆ ಹಾರಿತು. ಇಂಧನ ಎಂದರೆ ಪೆಟ್ರೋಲು, ಕರೆಂಟು ಮಾತ್ರ ಎಂದುಕೊಂಡಿದ್ದ ಜಗತ್ತು ಬೆಚ್ಚಿತು. ಅದರ ಮರುವರ್ಷ, ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರ ಬೆಂಬಲದಿಂದ ಅಸ್ತ್ರ ಶುರುವಾಯಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬಲ್ಲಿ ಅದರ ಹಳ್ಳಿ ಕೇಂದ್ರ ಬಂತು. ಎಂಜಿನಿಯರುಗಳು, ರಸಾಯನಶಾಸ್ತ್ರದವರು ಬಸ್ಸು ಹತ್ತಿ ಉಂಗ್ರಕ್ಕೆ ಹೋಗತೊಡಗಿದರು.

ಅಲ್ಲಿಗೆ ಹೋಗಿ ಅವರು ಮೊದಲು ಮಾಡಿದ್ದು ಯಂತ್ರವನ್ನಲ್ಲ, ಲೆಕ್ಕವನ್ನು. ನನಗೆ ಅವರ ಜೀವನದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಉಂಗ್ರದ ಸುತ್ತಿನ ಆರು ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಎಷ್ಟು ಕಟ್ಟಿಗೆ ಉರಿಯುತ್ತದೆ, ಎಷ್ಟು ಸೀಮೆಎಣ್ಣೆ, ಎತ್ತು ಎಷ್ಟು ತಾಸು ದುಡಿಯುತ್ತದೆ, ಹೆಂಗಸರು ನೀರಿಗೆಷ್ಟು ನಡೆಯುತ್ತಾರೆ ಎಂದು ಮನೆ ಮನೆಗೆ ಹೋಗಿ ಬರೆದುಕೊಂಡರು. ಅವುಗಳಲ್ಲಿ ಪುರ ಎಂಬುದು ಒಂದು ಹಳ್ಳಿ. 1977ರಲ್ಲಿ ಅಲ್ಲಿ 56 ಮನೆ, 357 ಜನ. ಕಟ್ಟಿಗೆ ಆರಿಸಿ ತರುವುದಕ್ಕೇ ಒಂದೊಂದು ಮನೆ ದಿನಕ್ಕೆ ಸುಮಾರು ಎರಡೂವರೆ ತಾಸು ಕಳೆಯುತ್ತಿತ್ತು. ಅದರಲ್ಲಿ ಹೆಂಗಸರದೂ ಮಕ್ಕಳದೂ ದೊಡ್ಡ ಪಾಲು. ಸರ್ಕಾರದ ಯಾವ ಇಂಧನ ಪಟ್ಟಿಯಲ್ಲೂ ಈ ತಾಸುಗಳು ಇರಲಿಲ್ಲ. ದುಡ್ಡು ಕೊಟ್ಟು ತಂದದ್ದಲ್ಲವಲ್ಲ, ಹಾಗಾಗಿ ಪುಕ್ಕಟೆ ಎಂದು ಲೆಕ್ಕ. ನಮ್ಮಲ್ಲೂ ಬೆಟ್ಟದ ಕಟ್ಟಿಗೆಗೆ ಯಾರೂ ದರ ಹಾಕುವುದಿಲ್ಲ. ಕಡಿಯುವವನ ಕೂಲಿ, ಹೊತ್ತವರ ಬೆನ್ನು, ಒಣಗಿಸಿ ಒಟ್ಟುವುದಕ್ಕೆ ಆಯಿ ಕಳೆದ ಮಧ್ಯಾಹ್ನಗಳು ಎಲ್ಲವೂ ಪುಕ್ಕಟೆಯ ಖಾತೆಗೇ ಹೋಗುತ್ತವೆ.

ಲೆಕ್ಕದ ನಂತರ ಒಲೆ. ಇಲ್ಲಿ ಒಂದು ಮಾತು ಸರಿಮಾಡಬೇಕು, ಅಸ್ತ್ರ ಒಲೆಯನ್ನು ರೆಡ್ಡಿಯವರು ಒಬ್ಬರೇ ಕೂತು ಕಂಡುಹಿಡಿಯಲಿಲ್ಲ. ಲೋಕ್ರಸ್, ಸುಧಾಕರ ಬಾಬು, ಕೆ.ಎಸ್. ಜಗದೀಶ್ ಮೊದಲಾದ ಸಹೋದ್ಯೋಗಿಗಳು ವರ್ಷಗಟ್ಟಲೆ ತಿದ್ದಿ ತೀಡಿದ ಒಲೆ ಅದು. ತೆರೆದ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ಸೇರಿದರೆ ಹೆಚ್ಚು, ಉಳಿದದ್ದು ಗಾಳಿಗೆ, ಗೋಡೆಗೆ, ಅಡುಗೆ ಮಾಡುವವರ ಕಣ್ಣಿಗೆ. ಇವರು ಮಾಡಿದ್ದು ಇಷ್ಟೇ. ಕಟ್ಟಿಗೆ ಉರಿಯುವ ಜಾಗವನ್ನು ಮುಚ್ಚಿದರು. ಕೆಳಗೆ ಕಬ್ಬಿಣದ ಜಾಲರಿ ಇಟ್ಟು ಗಾಳಿಯನ್ನು ಅಳತೆಯಲ್ಲಿ ಬಿಟ್ಟರು. ಬಿಸಿ ಹೊಗೆ ಒಂದರ ಹಿಂದೊಂದು ಮೂರು ಪಾತ್ರೆಗಳ ಬುಡವನ್ನು ಸವರಿಕೊಂಡು ಹೋಗಿ ಕೊಳವೆಯಿಂದ ಹೊರಬೀಳುವಂತೆ ಮಾಡಿದರು. ಪ್ರಯೋಗಾಲಯದಲ್ಲಿ ಪಾತ್ರೆಗೆ ಸೇರುವ ಶಾಖ ಮೂರು ನಾಲ್ಕು ಪಟ್ಟು ಏರಿತು.

ಹಳ್ಳಿಯಲ್ಲಿ ಕಟ್ಟುವಾಗ ಅದೇ ಒಲೆ ಕೈಕೊಟ್ಟದ್ದೂ ಉಂಟು. ಜಾಲರಿಯ ಎತ್ತರ, ಹೊಗೆ ಹೋಗುವ ಸಂದಿಯ ಅಗಲ ಸ್ವಲ್ಪ ಹೆಚ್ಚುಕಡಿಮೆಯಾದರೂ ಉಳಿತಾಯ ಮಾಯ. ಕಣ್ಣಳತೆಯಲ್ಲಿ ಕಟ್ಟಿ ಅಭ್ಯಾಸವಾದ ಮೇಸ್ತ್ರಿಗೆ ಎರಡು ಬೆರಳು ಯಾವ ಲೆಕ್ಕ? ಹಾಗಾಗಿ ಒಲೆಯ ಜೊತೆಗೆ ಒಲೆ ಕಟ್ಟುವವರನ್ನೂ ತಯಾರು ಮಾಡಬೇಕಾಯಿತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಈ ಕೆಲಸ ಕೈಗೆತ್ತಿಕೊಂಡು ಹಳ್ಳಿಯ ಹುಡುಗರಿಗೆ ತರಬೇತಿ ಕೊಟ್ಟಿತು. ಆ ಮಂಡಳಿಯ ಮೊದಲ ಕಾರ್ಯದರ್ಶಿ ಕೂಡ ರೆಡ್ಡಿಯವರೇ. ನಮ್ಮ ಘಟ್ಟದ ಬಚ್ಚಲುಗಳಿಗೆ ಒಲೆ ಬಂದದ್ದು ಇಂಥವರ ಕೈಯಿಂದ.

ಪುರದಲ್ಲಿ ಅವರಿಗೆ ಸರಿಯಾದ ಏಟು ಬಿದ್ದದ್ದು ಗೋಬರ್ ಗ್ಯಾಸಿನಲ್ಲಿ. ಊರಿಗೆಲ್ಲ ಒಂದೇ ದೊಡ್ಡ ಸ್ಥಾವರ ಕಟ್ಟಿ, ಮನೆ ಮನೆಗೆ ಅಡುಗೆ ಅನಿಲ ಕೊಡುವುದು ಮೊದಲ ಯೋಜನೆ. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ದನಗಳು ಹಗಲು ಮೇಯಲು ಹೋಗುತ್ತವೆ, ಕೊಟ್ಟಿಗೆಯಲ್ಲಿ ಸಿಗುವ ಸೆಗಣಿ ಎಲ್ಲರ ಅಡುಗೆಗೆ ಸಾಲಲಿಲ್ಲ. ಕಟ್ಟಿಗೆ ಕಾಸಿಲ್ಲದೆ ಸಿಗುವಾಗ ಅನಿಲಕ್ಕಾಗಿ ಸೆಗಣಿ ಹೊರುವ ಉಮೇದೂ ಯಾರಿಗೂ ಇರಲಿಲ್ಲ. ಯೋಜನೆ ನಿಂತುಹೋಯಿತು. ಬೇರೆ ಪ್ರೊಫೆಸರ್ ಆಗಿದ್ದರೆ ಜನರಿಗೆ ಬುದ್ಧಿಯಿಲ್ಲ ಎಂದು ವರದಿ ಬರೆದು ಎದ್ದು ಬರುತ್ತಿದ್ದರೋ ಏನೋ. ಇವರ ತಂಡ ವಾಪಸು ಹೋಗಿ ಊರಿನವರಿಗೆ ನಿಜಕ್ಕೂ ಏನು ಬೇಕು ಎಂದು ನೋಡಿತು. ಬೇಕಾಗಿದ್ದದ್ದು ಕುಡಿಯುವ ನೀರು ಮತ್ತು ಬೆಳಕು.

1987ರಲ್ಲಿ ಅದೇ ಸ್ಥಾವರದ ಅನಿಲದಿಂದ ಒಂದು ಸಣ್ಣ ಡೀಸೆಲ್ ಎಂಜಿನ್ ಓಡಿಸಿ ಕರೆಂಟು ತೆಗೆದರು. ಬೋರ್‌ವೆಲ್ಲಿನಿಂದ ನೀರು ಮೇಲೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ಟ್ಯೂಬ್‌ಲೈಟ್ ಹಾಕಿದರು. ಸೆಗಣಿ ತಂದುಕೊಟ್ಟವರಿಗೆ ತೂಕದ ಮೇಲೆ ಕಾಸು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಅವರ ಹೊಲಕ್ಕೇ ವಾಪಸು. ದೀಪ ಮತ್ತು ನಲ್ಲಿಗೆ ತಿಂಗಳಿಗಿಷ್ಟು ಎಂದು ಶುಲ್ಕ. ಸ್ಥಾವರ ನೋಡಿಕೊಳ್ಳಲು ಅದೇ ಊರಿನ ಯುವಕರಿಗೆ ಸಂಬಳದ ಕೆಲಸ. ಹಲವು ವರ್ಷ ಅದು ನಡೆಯಿತು. ಹಿಂದೆ ಸೆಗಣಿಗೆ ಬರವಿದ್ದ ಅದೇ ಊರಿನಲ್ಲಿ ಈಗ ಸೆಗಣಿ ತಾನಾಗಿ ಬಂತು, ಏಕೆಂದರೆ ಕೊಟ್ಟವನ ಕೈಗೆ ಕಾಸೂ ಮನೆಗೆ ನೀರೂ ಸಿಗುತ್ತಿತ್ತು.

ಪರಿಸರ ಉಳಿಸುವುದು ಪುಣ್ಯದ ಕೆಲಸ ಎಂದು ಹೇಳಿದರೆ ಅಂಗಡಿಯವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ರೆಡ್ಡಿಯವರು ಪುಣ್ಯದ ದಾರಿ ಹಿಡಿಯಲಿಲ್ಲ. ಅವರ ಪ್ರಕಾರ ಯಾರಿಗೂ ಕಟ್ಟಿಗೆಯಾಗಲಿ ಯೂನಿಟ್ಟಾಗಲಿ ಬೇಕಾಗಿಲ್ಲ; ಬೇಕಾದದ್ದು ಬೆಂದ ಅನ್ನ, ಬಿಸಿನೀರು, ಬೆಳಕು, ತಿರುಗುವ ಮೋಟಾರು. ಅದನ್ನು ಕಡಿಮೆ ಖರ್ಚಿನಲ್ಲಿ ಕೊಡುವ ದಾರಿ ಯಾವುದೆಂದು ಹುಡುಕಿದರೆ ಹೆಚ್ಚಿನ ಸಲ ಅದೇ ಕಾಡಿಗೂ ಹಗುರವಾದ ದಾರಿಯಾಗಿರುತ್ತದೆ. ಹಾಗಾದರೆ ಎಲ್ಲರೂ ಯಾಕೆ ಆ ದಾರಿ ಹಿಡಿಯುವುದಿಲ್ಲ? 1991ರಲ್ಲಿ ಒಂದು ಲೇಖನದಲ್ಲಿ ಅವರು ಇದಕ್ಕೆ ಉತ್ತರ ಕೊಟ್ಟರು. ಉಳಿತಾಯದ ಸಾಧನ ಕೊಳ್ಳದ ಬಳಕೆದಾರರಲ್ಲಿ ಬೇರೆ ಬೇರೆ ಬಗೆಯವರಿದ್ದಾರೆ ಎಂದು ಬಿಡಿಸಿಟ್ಟರು. ಗೊತ್ತಿಲ್ಲದವರು, ಮೊದಲ ಖರ್ಚಿಗೆ ಕೈಯಲ್ಲಿ ದುಡ್ಡಿಲ್ಲದವರು, ಸಣ್ಣ ಉಳಿತಾಯಕ್ಕೆ ಅಸಡ್ಡೆ ಇರುವವರು, ಮಾಡಿಸಲು ಯಾರನ್ನು ಹಿಡಿಯಬೇಕೆಂದು ತಿಳಿಯದವರು, ನಾಳೆಯ ದರ ಏನಾಗುತ್ತದೋ ಎಂದು ಅಳುಕುವವರು, ಬೇರೆಯವರು ಕೊಂಡಿಟ್ಟ ಹಳೇ ಸಾಮಾನನ್ನು ಅನುಭವಿಸುವವರು.

ಇದನ್ನು ಓದಿದಾಗ ನನಗೆ ಶಿರಸಿ ಪೇಟೆ ಕಣ್ಮುಂದೆ ಬಂತು. ಬಾಡಿಗೆ ಕಟ್ಟಡದಲ್ಲಿ ಮಾಲೀಕ ಹಾಕಿಸಿದ ಹಳೇ ಫ್ಯಾನು, ಹಳೇ ವೈರಿಂಗಿಗೆ ಬಿಲ್ಲು ಕಟ್ಟುವ ಝೆರಾಕ್ಸ್ ಅಂಗಡಿಯವರು ಕೊನೆಯ ಬಗೆ. ಫ್ರಿಜ್ಜಿನ ಬಾಗಿಲ ರಬ್ಬರು ಹರಿದು ವರ್ಷವಾದರೂ ಬದಲಿಸದ ಕೋಲ್ಡ್ರಿಂಕ್ಸ್ ಅಂಗಡಿಯವರು ಅಸಡ್ಡೆಯ ಬಗೆ. ಹೊಸ ಒಲೆ ಬೇಕೆಂದರೂ ಕಟ್ಟುವವರು ಸಿಗದ ಆಲೆಮನೆಯವರು ಇನ್ನೊಂದು ಬಗೆ. ಒಬ್ಬೊಬ್ಬರಿಗೆ ಒಂದೊಂದು ಮದ್ದು ಎಂಬುದು ರೆಡ್ಡಿಯವರ ವಾದ. ದುಡ್ಡಿಲ್ಲದವರಿಗೆ ಉಪದೇಶ ಬೇಡ, ಕಂತು ಬೇಕು. ಆ ಕಂತು ತಿಂಗಳ ಉಳಿತಾಯಕ್ಕಿಂತ ಕಡಿಮೆ ಇದ್ದರೆ ಮೊದಲ ತಿಂಗಳಿಂದಲೇ ಕೈಯಲ್ಲಿ ಕಾಸು ಉಳಿಯುತ್ತದೆ. ಸಹಕಾರಿ ಸಂಘಗಳ ಊರಿನಲ್ಲಿ ಹುಟ್ಟಿದ ನಮಗೆ ಇದು ಅರ್ಥವಾಗದ ಸಂಗತಿಯಲ್ಲ.

ಅಸ್ತ್ರ ಒಲೆಯ ತತ್ವ ಮುಂದೆ ಮನೆಯ ಬಚ್ಚಲು ದಾಟಿ ದುಡಿಮೆಯ ಜಾಗಗಳಿಗೂ ಹೋಯಿತು. ಬೆಂಗಳೂರಿನ ಟೈಡ್ ಸಂಸ್ಥೆಯವರು ರೇಷ್ಮೆ ನೂಲು ಬಿಚ್ಚುವವರಿಗೆ, ಅಡಿಕೆ ಬೇಯಿಸುವವರಿಗೆ, ಇಂಥ ಸಣ್ಣ ಉದ್ದಿಮೆಗಳಿಗೆ ಕಡಿಮೆ ಕಟ್ಟಿಗೆಯ ಒಲೆಗಳನ್ನು ರೂಪಿಸಿದರು. ಕೆಂಪಡಿಕೆ ಮಾಡುವ ಮನೆಗಳಲ್ಲಿ ಕೊಯ್ಲಿನ ದಿನಗಳಲ್ಲಿ ದೊಡ್ಡ ಹಂಡೆಯ ಕೆಳಗೆ ಉರಿಯುವ ಕಟ್ಟಿಗೆ ರಾಶಿ ನೋಡಿದವರಿಗೆ ಅದರ ಬೆಲೆ ಹೇಳಿಕೊಡಬೇಕಿಲ್ಲ.

ಮೂರು ಪಾತ್ರೆಯ ಒಲೆಗೆ ಹಾಕಿದ ಲೆಕ್ಕವನ್ನೇ ರೆಡ್ಡಿಯವರು ಇಡೀ ರಾಜ್ಯಕ್ಕೂ ಹಾಕಿದರು. 1987ರಲ್ಲಿ ರಾಜ್ಯದ ವಿದ್ಯುತ್ ಯೋಜನೆ ರೂಪಿಸಲು ಇದ್ದ ಸಮಿತಿ, 2000ನೇ ಇಸವಿಗೆ ಸುಮಾರು 9,400 ಮೆಗಾವ್ಯಾಟ್ ಬೇಕು ಎಂದು ಹೇಳಿತ್ತು. ರೆಡ್ಡಿ ಮತ್ತು ಸಂಗಡಿಗರು ಡಿಫೆಂಡಸ್ ಎಂಬ ತಮ್ಮ ವಿಧಾನದಲ್ಲಿ ಕೂಡಿಸಿ ಕಳೆದು ನೋಡಿದಾಗ ಸುಮಾರು 4,000 ಮೆಗಾವ್ಯಾಟ್ ಸಾಕು ಎಂದು ಬಂತು. ಬುರುಡೆ ಬಲ್ಬಿನ ಜಾಗದಲ್ಲಿ ಕಡಿಮೆ ಕರೆಂಟು ತಿನ್ನುವ ದೀಪ, ವಿದ್ಯುತ್ ಗೀಸರಿನ ಜಾಗದಲ್ಲಿ ಸೌರ ಬಿಸಿನೀರು, ಪಂಪ್‌ಸೆಟ್ಟಿಗೆ ನೀರನ್ನು ತಡೆಯದ ಫುಟ್‌ವಾಲ್ವ್, ಅಲ್ಲಲ್ಲಿ ಸಣ್ಣ ಸ್ಥಾವರಗಳು ಎಂದು ಒಂದೊಂದಕ್ಕೂ ಬೆಲೆ ಕಟ್ಟಿ ತೋರಿಸಿದರು. ಅಧಿಕಾರಿಗಳಿಗೆ ಇದು ರುಚಿಸಿತೆಂದು ಹೇಳಲಾರೆ. ಹೊಸ ಸ್ಥಾವರಕ್ಕೆ ಶಿಲಾನ್ಯಾಸ ಇರುತ್ತದೆ, ಫುಟ್‌ವಾಲ್ವಿಗೆ ಯಾರು ಟೇಪು ಕತ್ತರಿಸುತ್ತಾರೆ?

ಈ ಲೆಕ್ಕ ಪುಸ್ತಕ ನಮ್ಮ ಜಿಲ್ಲೆಗೂ ಬಂತು. 2005ರಲ್ಲಿ, ಎಂ.ವಿ. ರಮಣ ಮತ್ತು ಆಂಟೊನೆಟ್ ಡಿಸಾ ಅವರ ಜೊತೆ ಸೇರಿ ಕೈಗಾ ಅಣುಸ್ಥಾವರದ ಕರೆಂಟಿನ ಖರ್ಚನ್ನು ರಾಯಚೂರಿನ ಕಲ್ಲಿದ್ದಲು ಘಟಕದ ಖರ್ಚಿನ ಪಕ್ಕಕ್ಕಿಟ್ಟು ನೋಡಿದರು. ಹಾಕಿದ ಬಂಡವಾಳಕ್ಕೆ ವಾಸ್ತವದ ಬಡ್ಡಿ ಹಿಡಿದರೆ ಅಣುವಿದ್ಯುತ್ತೇ ದುಬಾರಿ ಎಂಬುದು ಅವರಿಗೆ ಸಿಕ್ಕ ಉತ್ತರ. ಕೈಗಾ ಬೇಕೆ ಬೇಡವೇ ಎಂದು ಇಲ್ಲಿ ವರ್ಷಗಟ್ಟಲೆ ಜಗಳವಾಗಿದೆ, ಭಯ ಭಕ್ತಿ ಎರಡೂ ಅದರಲ್ಲಿ ಬೆರೆತಿತ್ತು. ಅವರು ಅದನ್ನು ರೂಪಾಯಿ ಪೈಸೆಯಲ್ಲಿ ಕೇಳಿದರು.

ಅಷ್ಟರಲ್ಲಿ ಹೊರದೇಶಗಳಲ್ಲೂ ಅವರ ಹೆಸರಿತ್ತು. ಗೋಲ್ಡೆಂಬರ್ಗ್, ಜೊಹಾನ್ಸನ್, ವಿಲಿಯಮ್ಸ್ ಜೊತೆ ಬರೆದ ಎನರ್ಜಿ ಫಾರ್ ಎ ಸಸ್ಟೇನಬಲ್ ವರ್ಲ್ಡ್ 1988ರಲ್ಲಿ ಬಂದಿತ್ತು, ಅದೇ ನಾಲ್ವರಿಗೆ 2000ದಲ್ಲಿ ವೋಲ್ವೋ ಪರಿಸರ ಪ್ರಶಸ್ತಿ ಸಿಕ್ಕಿತ್ತು. 2006ರ ಮೇ 7ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಸ್ತ್ರ ಈಗ ಅದೇ ಸಂಸ್ಥೆಯಲ್ಲಿ ಸುಸ್ಥಿರ ತಂತ್ರಜ್ಞಾನ ಕೇಂದ್ರ ಎಂಬ ಹೆಸರಿನಲ್ಲಿದೆ. ಹೆಸರು ಬದಲಾದದ್ದು ನಮ್ಮ ಬಚ್ಚಲುಗಳಿಗೆ ಇನ್ನೂ ಗೊತ್ತಾಗಿಲ್ಲ.

ಕಳೆದ ಮಳೆಗಾಲದಲ್ಲಿ ನನ್ನ ಮಾವನ ಖಾನಾವಳಿಯಲ್ಲಿ ಒಂದು ವಾರ ಕೂತೆ. ಕೆಲಸ ಸಿಕ್ಕಿರಲಿಲ್ಲ, ಮನೆಯಲ್ಲಿ ಕೂತರೆ ಎಲ್ಲರೂ ಅದನ್ನೇ ಕೇಳುತ್ತಿದ್ದರು. ದಿನಾ ಬೆಳಿಗ್ಗೆ ಕಟ್ಟಿಗೆ ತೂಗಿ, ಎಷ್ಟು ಊಟ ಹೋಯಿತೆಂದು ಬರೆದೆ. ಮಾವ ಮೊದಲ ಎರಡು ದಿನ ನಕ್ಕರು. ಮೂರನೇ ದಿನ ಹಸಿ ಕಟ್ಟಿಗೆ ಉರಿಸಿದಾಗ ತೂಕ ಎಷ್ಟು ಏರಿತೆಂದು ಅವರೇ ಬಂದು ಇಣುಕಿದರು. ವಾರದ ಕೊನೆಗೆ ಕಟ್ಟಿಗೆಯ ರಾಶಿಯನ್ನು ಅಂಗಳದಿಂದ ಮಾಡಿನ ಕೆಳಗೆ ಸರಿಸಿದ್ದಾಯಿತು. ಇನ್ನು ಒಲೆ ಬದಲಿಸಬೇಕು. ನಮ್ಮ ಬಚ್ಚಲ ಒಲೆ ಕಟ್ಟಿದ ಮೇಸ್ತ್ರಿಗೆ ಈಗ ಎಪ್ಪತ್ತು ದಾಟಿದೆ. ಜಾಲರಿಯ ಎತ್ತರ, ಹೊಗೆ ಸಂದಿಯ ಅಗಲ ಅವರಿಗೆ ಇನ್ನೂ ಬಾಯಲ್ಲೇ ಇವೆ. ಬರುವ ರವಿವಾರ ಬರುತ್ತೇನೆಂದು ಹೇಳಿದ್ದಾರೆ, ಅಳತೆ ಬರೆದುಕೊಳ್ಳಲು ನಾನೂ ಜೊತೆಗಿರುತ್ತೇನೆ.